ಎಡಗಡೆಯ ಮೂರು ಮಿಲಿಮೀಟರ್

ಮೂವತ್ತು ವರ್ಷದಿಂದ ಜನ ನನ್ನನ್ನು ಒಂದೇ ಮಾತಿನಲ್ಲಿ ಹೊಗಳುತ್ತ ಬಂದಿದ್ದಾರೆ: "ಮಿಸ್ತ್ರಿ, ಎಲ್ಲಿ ಬಡದಿತ್ತು ಅನ್ನೂದ ಗೊತ್ತಾಗವಲ್ದು." ಈ ಮಾತು ಕೇಳಿದಾಗಲೆಲ್ಲ ಹಲ್ಲು ಕಿರಿದು ಎಣ್ಣೆಗೈ ಒರೆಸಿಕೊಳ್ಳುತ್ತಿದ್ದೆ. ಮಾಡಿದ ಕೆಲಸ ಕಣ್ಣಿಗೆ ಬೀಳದಿದ್ದರೇ ಅದು ಒಳ್ಳೆಯ ಕೆಲಸ ಎನ್ನುವ ಕಸುಬು ನಮ್ಮದು. ಹಾಗೆ ನೋಡಿದರೆ ಕಳ್ಳನಿಗೂ ನನಗೂ ದೊಡ್ಡ ಫರಕು ಇರಲಿಲ್ಲ.

ಇಳಕಲ್ ಊರ ಹೊರಗೆ, ಕಲ್ಲು ಕೊಯ್ಯುವ ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ತಗಡು ಹೊದಿಸಿದ ನನ್ನ ಪತ್ರಾಸಿನ ಶೆಡ್ಡು ಇದೆ. ಬಡಿಸಿಕೊಂಡು ಬಂದ ಗಾಡಿಗಳ ತಗ್ಗು ಎತ್ತುತ್ತೇನೆ, ಬೆಸೆಯುತ್ತೇನೆ, ಬಣ್ಣ ಹೊಡೆಯುತ್ತೇನೆ. ಎಂಜಿನ್ ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳಿಕೊಳ್ಳುವುದೂ ಇಲ್ಲ. ಕಾರ್ಖಾನೆಗಳ ಗರಗಸ ಶುರುವಾದರೆ ಊರ ತುಂಬ ಕೆಂಪು ಧೂಳು. ಅದು ಏಳುವುದರೊಳಗೆ, ಹೊತ್ತು ಮೂಡುತ್ತಲೇ ಬಣ್ಣದ ಕೆಲಸ ಮುಗಿಸಬೇಕು. ಇಷ್ಟು ವರ್ಷ ನಾನು ಊರಿಗಿಂತ ಎರಡು ತಾಸು ಮೊದಲು ಎದ್ದಿದ್ದೇನೆ. ಅದಕ್ಕೆ ಯಾರೂ ಹೊಗಳಿಲ್ಲ.

ನನ್ನ ಅಬ್ಬಾನ ಕಸುಬು ಬೇರೆ. ಪೇಟೆಯಲ್ಲಿ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು, ಕೊಂಡವರ ಪಾತ್ರೆಗಳಿಗೆ ಹೆಸರು ಹಾಕುತ್ತಿದ್ದ. ಒಂದು ಸಣ್ಣ ಉಳಿ, ಒಂದು ಸಣ್ಣ ಸುತ್ತಿಗೆ, ಚುಕ್ಕಿ ಚುಕ್ಕಿಯಾಗಿ ಅಕ್ಷರ. ಮದುವೆಗೆ ಕೊಡುವ ಕೊಡ, ಹೊಸ ಮನೆ ಹೊಕ್ಕವರ ತಂಬಿಗೆ, ಗುಡಿಗೆ ಕೊಡುವ ಪರಾತ, ಎಲ್ಲಕ್ಕೂ ಕಂಠದ ಮೇಲೆ ಕೊಟ್ಟವರ ಹೆಸರು. ಅಬ್ಬಾ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಕನ್ನಡ ಓದುವುದು ಬರೆಯುವುದು ಎರಡನ್ನೂ ಪಾತ್ರೆಗಳ ಮೇಲೆಯೇ ಕಲಿತ. ಅದಕ್ಕೇ ಅವನಿಗೆ ಊರಿನ ಅರ್ಧ ಹೆಸರುಗಳು ಬರೆಯಲು ಬರುತ್ತಿದ್ದವು, ಒಂದು ಕಾಗದ ಬರೆಯಲು ಬರುತ್ತಿರಲಿಲ್ಲ.

ಅವನದೊಂದು ಹಟ ಇತ್ತು. ಹಳೇ ಹಿತ್ತಾಳೆ ಪಾತ್ರೆಗೆ ತಳ ಬೆಸೆಸಿ, ತಿಕ್ಕಿ ಥಳಥಳ ಮಾಡಿ, ಮಗಳ ಹೆಸರು ಹಾಕಿಸಲು ಯಾರಾದರೂ ತಂದರೆ, ಹೆಸರಿನ ಕೆಳಗೆ 'ಬೆಸುಗೆ' ಎಂದೂ ಬರೆದುಬಿಡುತ್ತಿದ್ದ. ತಂದ ಹೆಂಗಸರು ಜಗಳಕ್ಕೆ ನಿಲ್ಲುತ್ತಿದ್ದರು. ಒಮ್ಮೆ ಒಬ್ಬಾಕೆ ಕಟ್ಟೆಯ ಮುಂದೆಯೇ ದನಿ ಎತ್ತಿ, "ಮಗಳಿಗೆ ಕೊಡೂದೈತಿ, ಅದನ್ಯಾಕ ಬರದಿ?" ಎಂದಳು. ಅಬ್ಬಾ ತಲೆ ಎತ್ತದೆ, "ಮಗಳಿಗೆ ಕೊಡೂದೈತಿ ಅಂತನ ಬರದೇನಿ, ಯವ್ವಾ. ಗೊತ್ತಿಲ್ಲದ ಒಲಿ ಮ್ಯಾಲ ಇಟ್ಟಾಳು, ತಳ ಬಿಟ್ಟೀತು, ಕಾಲ ಮ್ಯಾಲ ಕುದಿನೀರ ಬಿದ್ದೀತು" ಎಂದ. ಅಂಗಡಿಯವನು ಗಿರಾಕಿ ಕಳೆಯುತ್ತಾನೆ ಎಂದು ಬೈದ. ಅಬ್ಬಾ ಬೈಸಿಕೊಂಡ, ಮರುದಿನ ಮತ್ತೆ ಬರೆದ.

ನಾನು ಗಾಡಿ ಕೆಲಸಕ್ಕೆ ಬಿದ್ದಾಗ ಅಬ್ಬಾನ ಉಳಿ ಸುತ್ತಿಗೆ ನನ್ನ ಪೆಟ್ಟಿಗೆಗೆ ಬಂದವು. ಮೊದಲ ಗಾಡಿಯಿಂದಲೂ ನನಗೊಂದು ರೂಢಿ: ಕೆಲಸ ಮುಗಿದ ಮೇಲೆ, ಬಣ್ಣ ಹೊಡೆಯುವ ಮೊದಲು, ಒಳಗೆ ಎಲ್ಲಾದರೂ ಒಂದು ಮೂಲೆಯಲ್ಲಿ ಏನು ಮಾಡಿದೆ ಎಂದು ಚುಕ್ಕಿ ಅಕ್ಷರದಲ್ಲಿ ಬರೆಯುವುದು. ಬಾಗಿಲ ಒಳಗೆ, ಡಿಕ್ಕಿಯ ಅಡಿ, ಚಕ್ರದ ಮೇಲಿನ ಹೊದಿಕೆಯ ಹಿಂದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆನೇನೋ. ಯಾರೂ ನೋಡಲಿಲ್ಲ, ಹಾಗಾಗಿ ಕೇಳಲೂ ಇಲ್ಲ.

ಆ ಕೆಂಪು ಗಾಡಿ ಇಳಕಲ್ಲಿಗೆ ಬಂದಾಗ ಜನ ಅಂಗಡಿ ಬಿಟ್ಟು ನೋಡಲು ನಿಂತಿದ್ದರು. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಹೊಟ್ಟೆ, ಹೊರಟರೆ ಎದೆಯೊಳಗೆ ಗುಡುಗಿದಂತೆ ಸದ್ದು. ಕಲ್ಲಿನ ಗಣಿ ಇರುವ ಒಬ್ಬ ಸಾಹುಕಾರರು ಮಗನಿಗೆಂದು ತಂದದ್ದು. ಬರೀ ಓಟಕ್ಕಾಗಿಯೇ ಮಾಡಿದ ಗಾಡಿ ಅದು. ನಮ್ಮ ಊರಿನ ರಸ್ತೆ ಉಬ್ಬುಗಳಿಗೆ ಹೊಟ್ಟೆ ಉಜ್ಜಿಕೊಳ್ಳದೆ ದಾಟಲು ಅದಕ್ಕೆ ಬರುತ್ತಿರಲಿಲ್ಲ. ಆದರೂ ಸಾಹುಕಾರರಿಗೆ ಅದರ ಮೇಲೆ ಜೀವ.

ವರ್ಷ ತುಂಬುವುದರೊಳಗೆ ಮಗ ಅದನ್ನು ಹುನಗುಂದದ ಹತ್ತಿರ ಹೆದ್ದಾರಿಯಲ್ಲಿ ಕಬ್ಬಿನ ಟ್ರೇಲರಿಗೆ ಗುದ್ದಿದ. ಸಂಜೆಯ ಮಬ್ಬು, ಟ್ರೇಲರಿನ ಹಿಂದೆ ದೀಪ ಇಲ್ಲ. ನಮ್ಮ ಕಡೆ ಕಬ್ಬಿನ ಹಂಗಾಮು ಬಂತೆಂದರೆ ಇದು ಹೊಸ ಸುದ್ದಿಯೇನೂ ಅಲ್ಲ. ಮಗನಿಗೆ ಮಣಿಕಟ್ಟು ಮುರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಗಾಡಿಯ ಎಡ ಮೂಗು ಮಾತ್ರ ಚಕ್ರದ ತನಕ ಒಳಗೆ ಹೋಗಿತ್ತು. ದೂರದ ದೊಡ್ಡ ಊರಿನ ಕಾರ್ಯಾಗಾರದವರು ನೋಡಿ, ಇಡೀ ಮೈ ಬದಲಿಸಬೇಕು, ಇಲ್ಲವೇ ಗುಜರಿಗೆ ಹಾಕಬೇಕು ಎಂದರು. ವಿಮೆ ನವೀಕರಿಸಲು ಸಾಹುಕಾರರು ಮರೆತಿದ್ದರು. ಹೀಗೆ ಅದು ನನ್ನ ಶೆಡ್ಡಿಗೆ ಬಂತು.

ಇಂಥ ಗಾಡಿಯ ಮೂಗಿನಿಂದ ಹಿಂದಕ್ಕೆ ಉಕ್ಕಿನ ಎರಡು ತೊಲೆಗಳು ಇರುತ್ತವೆ. ಮನೆಗೆ ತೊಲೆ ಹೇಗೋ ಗಾಡಿಗೆ ಇವು ಹಾಗೆ. ಮೇಲಿನ ತಗಡು ಹೇಗೆ ಬೇಕಾದರೂ ಬಡಿದು ತಿದ್ದಬಹುದು, ತೊಲೆ ಸೊಟ್ಟಗಾದರೆ ಚಕ್ರ ನಿಲ್ಲುವ ಜಾಗವೇ ಸರಿಯುತ್ತದೆ. ಎಡ ತೊಲೆ ಮಡಚಿ ಹೋಗಿತ್ತು. ನಾಲ್ಕು ತಿಂಗಳು ಆ ಗಾಡಿಯ ಜೊತೆ ಸಂಸಾರ ಮಾಡಿದೆ. ಕಾಯಿಸಿದೆ, ಎಳೆದೆ, ಮೂಲೆಯಿಂದ ಮೂಲೆಗೆ ಅಳೆದೆ, ಮತ್ತೆ ಎಳೆದೆ. ಪುಟ್ಟಿ ಮೆತ್ತಿ ಕೈ ತೊಳೆದುಕೊಳ್ಳುವವನು ನಾನಲ್ಲ. ಕೊನೆಗೆ ಎಲ್ಲ ಕೂಡಿ ಬಂತು, ಎಡ ತೊಲೆಯಲ್ಲಿ ಮೂರು ಮಿಲಿಮೀಟರ್ ಸೊಟ್ಟ ಬಿಟ್ಟು. ಒಂಬತ್ತು ದಿನ ಆ ಮೂರು ಮಿಲಿಮೀಟರಿನ ಬೆನ್ನು ಹತ್ತಿದೆ. ಇನ್ನೊಮ್ಮೆ ಕಾಯಿಸಿದರೆ ಉಕ್ಕು ಮತ್ತಷ್ಟು ಮೆತ್ತಗಾಗುತ್ತಿತ್ತು. ಮೊದಲೇ ಕಾಯಿಸಿ ಎಳೆದ ಉಕ್ಕಿಗೆ ಹಳೇ ಗಟ್ಟಿತನ ಬರುವುದಿಲ್ಲ. ಬಿಟ್ಟೆ. ಬಾಗಲಕೋಟೆಗೆ ಒಯ್ದು ಚಕ್ರಗಳ ಹೊಂದಾಣಿಕೆಯಲ್ಲಿ ಆ ಕೊರತೆಯನ್ನು ಆದಷ್ಟು ಮುಚ್ಚಿದೆ. ಚಕ್ರದ ಹೊದಿಕೆಯ ಹಿಂದೆ ಬರೆದೆ: 'ಎಡ ತೊಲೆ ಕಾಯಿಸಿ ಎಳೆದದ್ದು. ಬೆಸುಗೆ ಏಳು. ಮೂರು ಮಿ.ಮೀ. ಉಳಿದಿದೆ.'

ಸಾಹುಕಾರರು ಗಾಡಿಯ ಸುತ್ತ ಮೂರು ಸುತ್ತು ಹಾಕಿದರು. ಗಲ್ಲ ಸವರಿದಂತೆ ಎಡ ಮಡ್‌ಗಾರ್ಡ್ ಸವರಿದರು. ಎಲ್ಲರೂ ಹೇಳುವ ಅದೇ ಮಾತನ್ನು ಅವರೂ ಹೇಳಿದರು, ಹೇಳಿ, ಶೆಡ್ಡಿನ ಮುಂದೆ ಹತ್ತು ಜನರ ಎದುರು ನನಗೊಂದು ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ.

ಮೂರು ವರ್ಷ ಗಾಡಿ ಊರಲ್ಲಿ ಓಡಾಡಿತು. ಆಮೇಲೆ ಮಗನ ಸಂಸಾರ ಬೆಳೆಯಿತು, ಎರಡು ಬಾಗಿಲಿನ ಗಾಡಿ ಸಾಲದಾಯಿತು. ಮಾರಲು ನಿಂತರು. ಕೊಳ್ಳಲು ಬಂದವನು ಬಾಗಲಕೋಟೆಯ ನವನಗರದ ಹಳೇ ಗಾಡಿಗಳ ದಲ್ಲಾಳಿ. ಬಿಳಿ ಅಂಗಿ, ಮೆತ್ತನೆ ಮಾತು, ಮಾತಿಗೊಮ್ಮೆ 'ದೇವ್ರಾಣಿ'. ಅವನನ್ನು ನಾನು ಚೆನ್ನಾಗಿ ಬಲ್ಲೆ. ನನ್ನ ಶೆಡ್ಡಿಗೆ ಬರುವ ಗಾಡಿಗಳಲ್ಲಿ ಅರ್ಧಕ್ಕೆ ಅರ್ಧ ಅವನೇ ಕಳಿಸುತ್ತಿದ್ದ.

ಬಣ್ಣದ ದಪ್ಪ ಅಳೆಯುವ ಒಂದು ಸಣ್ಣ ಯಂತ್ರ ಅವನ ಬಳಿ ಇದೆ. ತಗಡಿಗೆ ಹಚ್ಚಿದರೆ ಎಷ್ಟು ಪದರ ಬಣ್ಣ, ಎಲ್ಲಿ ಪುಟ್ಟಿ ಎಂದು ಅಂಕಿ ತೋರಿಸುತ್ತದೆ. ಆ ಯಂತ್ರ ನನ್ನ ಕೆಲಸದ ಮುಂದೆ ಸೋತಿತು ಎಂದು ಆಮೇಲೆ ಕೇಳಿದೆ. ಈಗಲೂ ಅದನ್ನು ಬರೆಯುವಾಗ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ದಲ್ಲಾಳಿ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಚಕ್ರ ಬಿಚ್ಚಿಸಿ, ಹೊದಿಕೆ ಸರಿಸಿ, ಮೊಬೈಲ್ ದೀಪ ಹಿಡಿದ. ನನ್ನ ಅಕ್ಷರಗಳು ಸಿಕ್ಕವು. ಅವನ್ನು ತೋರಿಸಿ, ಇದು ಬಡಿಸಿಕೊಂಡ ಗಾಡಿ ಎಂದು ಬೆಲೆಯನ್ನು ಅರ್ಧಕ್ಕೆ ಇಳಿಸಿದ. ಸಾಹುಕಾರರು ಕೊಸರಾಡಿ ಕೊಸರಾಡಿ ಒಪ್ಪಿದರು.

ಮರುದಿನ ಅವರು ನನ್ನ ಶೆಡ್ಡಿಗೆ ಬಂದರು. ಕುರ್ಚಿ ಹಾಕಿದೆ, ಕೂರಲಿಲ್ಲ.

"ನನ್ನ ಗಾಡಿ ಮ್ಯಾಲ ಶಾಸನ ಕೆತ್ತಾಕ ನಿನಗ ಯಾರ ಹೇಳಿದ್ರಲೇ?"

"ಗಾಡಿ ನಿಮ್ದು ಸಾವ್ಕಾರ್ರ. ಕೆಲಸ ನಂದು. ಮಾಡಿದ್ದ ಬರದೇನಿ."

"ನಾ ನಿನಗ ಶಾಲು ಹೊದಿಸಿದೆ, ನೀ ನನಗ ಟೋಪಿ ಹಾಕಿದಿ."

"ಬರದದ್ದರಾಗ ಸುಳ್ಳ ಐತೇನ್ರಿ?"

"ಖರೇ ಇದ್ರ ಏನಾತು? ಖರೇ ಇದ್ದದ್ದನ್ನೆಲ್ಲ ಕೆತ್ತಕೋತ ಕುಂದ್ರತಾರೇನು?" ಎಂದರು. ನಾನೂ ಬಿಡಲಿಲ್ಲ. ಗುಜರಿಗೆ ಹೋಗಬೇಕಿದ್ದ ಗಾಡಿಗೆ ಅರ್ಧ ಬೆಲೆ ಬಂದದ್ದು ನನ್ನ ಕೈಯಿಂದ, ಅದನ್ನು ಮರೆಯಬೇಡಿ ಎಂದೆ. ಅವರು ಹೊರಟು ಹೋದರು. ಬೆಸುಗೆಯ ಮಾತು ಬಂತು, ಬೆಲೆಯ ಮಾತು ಬಂತು. ಆ ಮೂರು ಮಿಲಿಮೀಟರಿನ ಬಗ್ಗೆ ಅವರು ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಎಂಟು ದಿನಕ್ಕೆ ಅದೇ ಕೆಂಪು ಗಾಡಿ ಮತ್ತೆ ನನ್ನ ಶೆಡ್ಡಿನ ಮುಂದೆ ನಿಂತಿತು. ಇಳಿದವನು ದಲ್ಲಾಳಿ.

"ಸಣ್ಣ ಕೆಲಸ ಮಿಸ್ತ್ರಿ," ಎಂದ. "ಆ ಅಕ್ಷರ ಉಜ್ಜಿ ತಗಿ. ಆ ಜಾಗ ಕಂಪನಿಯಿಂದ ಬಂದಾಂಗ ಮಾಡು. ಬ್ಯಾರೆಯವರ ಕಡೆ ಉಜ್ಜಿಸಿದ್ರ ಉಜ್ಜಿದ್ದು ಕಾಣತೈತಿ. ನಿನ್ನ ಕೈಯಾಗ ಆದ್ರ ದೇವ್ರಾಣಿ ದೇವರಿಗೂ ಗೊತ್ತಾಗೂದಿಲ್ಲ."

ಅಳಿಸುವುದಕ್ಕೂ ನನ್ನ ಕೈಯೇ ಬೇಕಿತ್ತು. ನನಗೆ ನಗು ಬಂತು, ಸಿಟ್ಟೂ ಬಂತು.

"ಮೊನ್ನೆ ಇದನ್ನ ತೋರಿಸೇ ಬೆಲಿ ಇಳಿಸಿದ್ರಿ ಅಲ್ರಿ?"

"ಇಳಿಸಿದೆ. ಅದು ಕೊಳ್ಳೂ ಮಾತು, ಇದು ಮಾರೂ ಮಾತು." ಅವನು ನಾಚಲಿಲ್ಲ. ಸಣ್ಣ ಮಗುವಿಗೆ ಹೇಳಿದಂತೆ ಬಿಡಿಸಿ ಹೇಳಿದ. "ನೋಡ ಮಿಸ್ತ್ರಿ, ಅಕ್ಷರ ಕಂಡ್ರ ಗಾಡಿಗೆ ಅರ್ಧಾ ಬೆಲಿ, ಕಾಣಲಿಲ್ಲಂದ್ರ ಪೂರಾ ಬೆಲಿ. ಗಾಡಿ ಅದನ, ಓಟ ಅದನ. ಅಕ್ಷರದಿಂದ ಗಾಡಿಗೇನ ಕಡಿಮಿ ಆಗೇತಿ ಹೇಳು?"

"ಏನೂ ಕಡಿಮಿ ಆಗಿಲ್ಲಂದ್ರ ಸಾವ್ಕಾರ್ರಿಗೂ ಪೂರಾ ಬೆಲಿ ಕೊಡಬೇಕಿತ್ತು."

ಅವನ ಮುಖದ ಮೆತ್ತಗಿನ ನಗು ಅಲ್ಲಿಗೆ ನಿಂತಿತು. ಬಾದಾಮಿಯ ಒಬ್ಬರು ಮುಂಗಡ ಕೊಟ್ಟಿದ್ದಾರೆ, ಗುರುವಾರ ಗಾಡಿ ಒಯ್ಯಲು ಬರುತ್ತೇನೆ, ಅಷ್ಟರಲ್ಲಿ ಕೆಲಸ ಆಗಿರಬೇಕು ಎಂದ. ಆಗದಿದ್ದರೆ ತಾನು ಗಾಡಿ ಕಳಿಸುವುದು ನಿಲ್ಲುತ್ತದೆ ಎಂದ. "ಆಮ್ಯಾಲ ನಿನ್ನ ಶೆಡ್ಡಿನಾಗ ಗುಬ್ಬಿ ಗೂಡ ಕಟ್ಟತಾವು, ನೋಡ್ಕೋ." ಕೀಲಿ ನನ್ನ ಪೆಟ್ಟಿಗೆಯ ಮೇಲೆ ಇಟ್ಟು ಹೋದ.

ಅವನು ಬರೀ ಬೆದರಿಸಲು ಆಡಿದ ಮಾತಲ್ಲ ಅದು. ಅರ್ಧ ಕೆಲಸ ಹೋದರೆ ಶೆಡ್ಡು ನಡೆಯುವುದೇ ಕಷ್ಟ. ಐವತ್ತು ದಾಟಿದ ಮಿಸ್ತ್ರಿಗೆ ಹೊಸದಾಗಿ ಯಾರು ಗಾಡಿ ತರುತ್ತಾರೆ. ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ನಮ್ಮ ಮನೆಮಾತು ಕನ್ನಡವಲ್ಲ, ಆದರೆ ಸಿಟ್ಟು ಬಂದರೆ ಅವಳಿಗೆ ಕನ್ನಡವೇ ಬರುತ್ತದೆ.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ," ಎಂದಳು. "ಒಂದು ಗಾಡಿ ಅಳಿಸಿದ್ರ ಏನ ಮುಳುಗತೈತಿ?"

"ನೀನಾದರೆ ಅಳಿಸುತ್ತಿದ್ದೆಯಾ?" ಎಂದು ಕೇಳಿದೆ. ಅವಳು ನಮ್ಮ ಇಳಕಲ್ ಸೀರೆಗೆ ಕೊಂಡಿ ಹಾಕುವವಳು. ಮೈಯ ಹಾಸಿಗೂ ಸೆರಗಿನ ಹಾಸಿಗೂ ಒಂದೊಂದೇ ಎಳೆಯನ್ನು ಕುಣಿಕೆ ಹಾಕಿ ಕೂಡಿಸುವ ಕೆಲಸ ಅದು. ಗೊತ್ತಿದ್ದವರು ಸೀರೆ ಕೊಳ್ಳಲು ಬಂದರೆ ಮೊದಲು ಆ ಕೂಡಿಕೆಯನ್ನೇ ಹುಡುಕುತ್ತಾರೆ.

ಅವಳು, "ಕೊಂಡಿ ಕಾಣಲಿಲ್ಲಂದ್ರ ನಮ್ಮ ಸೀರಿ ಯಾರೂ ಮುಟ್ಟೂದಿಲ್ಲ" ಎಂದಳು.

"ಅದು ಕೂಡಿಸಿದ್ದು. ಇದು ಮುರಿದದ್ದು. ಎರಡೂ ಒಂದೇ ಅಲ್ಲ," ಎಂದೆ.

"ಅಲ್ಲ ಅನ್ನೂದು ನನಗೂ ಗೊತ್ತೈತಿ. ನಿಮ್ಮ ಮಾರಿ ನೋಡಿದ್ರ ನೀವು ಅಳಸೂದಿಲ್ಲ ಅನ್ನೂದೂ ಗೊತ್ತಾಗತೈತಿ. ಮತ್ಯಾಕ ನನ್ನ ಕೇಳ್ತೀರಿ? ಕೈ ತೊಕ್ಕೊಂಡು ಉಣ್ಣಾಕ ಬರ್ರಿ."

ಬುಧವಾರ ಮುಂಜಾನೆ ಹನ್ನೊಂದರ ಹೊತ್ತಿಗೆ ಶೆಡ್ಡಿಗೆ ಒಬ್ಬ ಹೆಂಗಸು ಬಂದರು. ನಲವತ್ತೈದರ ಆಸುಪಾಸು, ಕತ್ತರಿಸಿದ ಕೂದಲು, ಹೆಗಲಿಗೆ ಬ್ಯಾಗು. ಬಾದಾಮಿಯಲ್ಲಿ ತಮ್ಮದೊಂದು ಲಾಡ್ಜು ಇದೆ ಎಂದರು. ಬಸ್ಸಿನಲ್ಲಿ ಬಂದಿದ್ದರು. ಗಾಡಿ ಇಳಕಲ್ಲಿನಲ್ಲಿ ಪಾಲಿಶಿಗೆ ಬಿಟ್ಟಿದ್ದೇನೆ, ಗುರುವಾರ ತಂದು ಕೊಡುತ್ತೇನೆ ಎಂದು ದಲ್ಲಾಳಿ ಹೇಳಿದ್ದನಂತೆ. ಅವರಿಗೆ ಒಂದು ದಿನ ತಡೆಯಲಾಗಿರಲಿಲ್ಲ.

"ಈ ವಯಸ್ಸಿನಾಗ ಇಂಥಾ ಗಾಡಿ ಯಾಕ ಅಂತ ನಮ್ಮೂರಾಗ ಎಲ್ಲಾರೂ ಕೇಳಾಕತ್ತಾರ. ನೀವು ಕೇಳಬ್ಯಾಡ್ರಿ ಮತ್ತ," ಎಂದರು.

"ನಾ ಯಾಕ ಕೇಳ್ಲಿ ಅಕ್ಕಾರ," ಎಂದೆ.

ಗಾಡಿಯೊಳಗೆ ಕೂತರು, ಇಳಿದರು, ದೂರ ನಿಂತು ನೋಡಿದರು. ದುಡಿದು ಉಳಿಸಿದ ಹಣದಲ್ಲಿ ಮೊದಲ ಸಲ ತಮಗಾಗಿ ಏನೋ ಕೊಳ್ಳುತ್ತಿರುವವರ ಮುಖ ಅದು. ಆಮೇಲೆ ನನ್ನ ಕಡೆ ತಿರುಗಿ ಸಹಜವಾಗಿ ಕೇಳಿದರು: "ಎಲ್ಲೆರ ಬಡದೈತೇನ್ರಿ ಇದು?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. 'ದಲ್ಲಾಳಿಯವರನ್ನ ಕೇಳ್ರಿ, ನಾ ಬರೇ ಕೆಲಸದವ' ಎಂದರೆ ಮುಗಿಯುತ್ತಿತ್ತು. ಅಂದರೆ ನಾಳೆಯೂ ಗಾಡಿಗಳು ಬರುತ್ತಿದ್ದವು. ನಾನು ಜಾಕ್ ತಂದೆ, ಎಡ ಚಕ್ರ ಬಿಚ್ಚಿದೆ, ಹೊದಿಕೆ ಸರಿಸಿದೆ, ಬ್ಯಾಟರಿ ದೀಪ ಅವರ ಕೈಗೆ ಕೊಟ್ಟೆ. "ಓದ್ರಿ," ಎಂದೆ.

ಅವರು ಮಂಡಿಯೂರಿ ಕೂತು ಒಂದೊಂದೇ ಅಕ್ಷರ ಓದಿದರು. ಹೇಗೆ ಬಡಿಯಿತು, ಏನು ಮಾಡಿದೆ, ಎಲ್ಲ ಹೇಳಿದೆ. ಅವರ ಮುಖ ಸಪ್ಪಗಾಯಿತು. ದಲ್ಲಾಳಿ 'ಗೀರೂ ಬಿದ್ದಿಲ್ಲ' ಎಂದು ಹೇಳಿದ್ದನಂತೆ. ಸಿಟ್ಟಿಗೆದ್ದು ಹೋಗಿಬಿಡುತ್ತಾರೆ ಅಂದುಕೊಂಡೆ. ಹೋಗಲಿಲ್ಲ.

"ಮೂರು ಮಿಲಿಮೀಟರ್ ಅಂದ್ರ ಇಷ್ಟ. ಇಷ್ಟಕ್ಕ ಏನಾಗತೈತಿ?" ಎಂದು ಉಗುರು ತೋರಿಸಿ ಕೇಳಿದರು.

ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಮೇಲು. ಚಕ್ರ ಹಾಕಿ, ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಹುನಗುಂದದ ಕಡೆ ಹೆದ್ದಾರಿಗೆ ಹೊರಟೆ. ಅರವತ್ತರಲ್ಲಿ ಗಾಡಿ ಹಾಲು ಕುಡಿದ ಕೂಸಿನ ಹಾಗಿತ್ತು. ಎಂಬತ್ತರಲ್ಲೂ ಹಾಗೇ. ನೂರು ದಾಟಿದ ಮೇಲೆ ಅವರ ಕೈಯನ್ನು ಸ್ಟೇರಿಂಗಿಗೆ ತಾಗಿಸಿದೆ. ಅದು ಸಣ್ಣಗೆ, ಗೊತ್ತೇ ಆಗದಂತೆ ಎಡಕ್ಕೆ ಎಳೆಯುತ್ತಿತ್ತು. "ಜೋರಿನಾಗ ಒಮ್ಮೆಲೆ ಬ್ರೇಕ್ ಒತ್ತಿದ್ರ ಇದು ಇನ್ನೂ ಎಳೀತೈತಿ," ಎಂದೆ. "ಮತ್ತ ಅಲ್ಲೇ ಬಡದ್ರ ಆ ತೊಲಿ ಮೊದಲಿನಷ್ಟು ತಡಿಯೂದಿಲ್ಲ. ಟಾಯರೂ ಒಳಗಿನ ಅಂಚು ಲಗೂನ ಸವೀತೈತಿ."

ಮರೋಳದ ಕಡೆ ಹೊರಳುವ ದಾರಿಯ ಹತ್ತಿರ ಗಾಡಿ ನಿಲ್ಲಿಸಿದೆ. ಅವರು ಯೋಚಿಸಿ ಕೇಳಿದರು: "ನಿಮಗ ಮಗಳಿದ್ದು ಆಕಿ ಓಡಸ್ತೇನಿ ಅಂದ್ರ ಈ ಗಾಡಿ ಕೊಡ್ತೀರೇನು?"

"ಎಂಬತ್ತರತನಕ ಕೊಡ್ತೇನಿ. ನೂರಕ್ಕ ಹೋಗ್ತೇನಿ ಅಂದ್ರ ಕೀಲಿ ಕಸಗೊಳ್ತೇನಿ."

"ಬಾದಾಮಿಯಿಂದ ಚೊಳಚಗುಡ್ಡಕ್ಕ ಹೋಗೂ ರಸ್ತೆದಾಗ ಎಂಬತ್ತು ಎಲ್ಲಿ ಸಿಗತೈತ್ರಿ," ಎಂದು ಅವರು ಮೊದಲ ಸಲ ನಕ್ಕರು. "ನನಗ ಇದರಾಗ ಕುಂತು ಹೋಗೂದ ಬೇಕಾಗೇತಿ. ಹಾರೂದ ಬೇಕಾಗಿಲ್ಲ."

ನನಗೆ ಅಂದು ತಿಳಿದದ್ದು ಇಷ್ಟು. ದಲ್ಲಾಳಿಯ ಅರ್ಧ ಬೆಲೆಯೂ ಸುಳ್ಳು, ಪೂರ್ತಿ ಬೆಲೆಯೂ ಸುಳ್ಳು. ಓಟಕ್ಕೆಂದೇ ಕೊಳ್ಳುವವನಿಗೆ ಈ ಗಾಡಿ ಅರ್ಧ ಬೆಲೆಗೂ ದುಬಾರಿ, ಈ ಅಕ್ಕನಿಗೆ ಅದಕ್ಕಿಂತ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆದರೆ ಯಾರಿಗೆ ಎಷ್ಟು ಎಂದು ಹೇಳಬೇಕಾದರೆ ಒಳಗೆ ಏನಾಗಿದೆ ಎಂಬುದು ಮೊದಲು ಗೊತ್ತಿರಬೇಕು. ಗೊತ್ತಾಗದಂತೆ ಮಾಡುವುದನ್ನೇ ನಾವು ವ್ಯಾಪಾರ ಎಂದು ಕರೆಯುತ್ತ ಬಂದಿದ್ದೇವೆ.

ಅವರು ಅಲ್ಲಿಂದಲೇ ದಲ್ಲಾಳಿಗೆ ಫೋನ್ ಮಾಡಿದರು. ತಾವು ನೋಡಿದ್ದು ಹೇಳಿ, ಕಡಿಮೆ ಬೆಲೆ ಹೇಳಿ, ಬೇಕಾದರೆ ಕೊಡಿ, ಇಲ್ಲದಿದ್ದರೆ ಮುಂಗಡ ತಿರುಗಿ ಕೊಡಿ ಎಂದರು. ಆ ಬೆಲೆಗೂ ಅವನಿಗೆ ಲಾಭವೇ ಇತ್ತು, ಗೊಣಗುತ್ತ ಒಪ್ಪಿದ. ಆಮೇಲೆ ಫೋನ್ ನನಗೆ ಕೊಡಿಸಿದ. ಅವನ ದನಿಯಲ್ಲಿ ಮೆತ್ತಗಿನದೇನೂ ಉಳಿದಿರಲಿಲ್ಲ.

"ನಿನ್ನ ಅನ್ನಕ್ಕ ನೀನ ಮಣ್ಣ ಹಾಕ್ಕೊಂಡಿ, ಮಿಸ್ತ್ರಿ. ಇನ್ನ ನನ್ನ ಒಂದು ಗಾಡೀನೂ ಆ ಕಡೆ ಬರೂದಿಲ್ಲ."

"ಬ್ಯಾಡ ಬಿಡ್ರಿ," ಎಂದೆ. "ಅಳಸೂ ಕೆಲಸ ಇದ್ರ ಇನ್ನೊಬ್ಬನ್ನ ನೋಡ್ಕೋರಿ."

ಫೋನ್ ಇಟ್ಟಾಗ ನನ್ನಲ್ಲಿ ಒಂದು ಗೆದ್ದ ಭಾವ ಇತ್ತು. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ. ತಿರುಗಿ ಬರುವಾಗ ಗಾಡಿಯನ್ನು ಅವರೇ ಓಡಿಸಿದರು. ನಿಧಾನಕ್ಕೆ, ಖುಷಿಯಿಂದ ಓಡಿಸುತ್ತ, ಏನೋ ನೆನಪಾದವರಂತೆ ಕೇಳಿದರು:

"ಮೊದಲ ಇದನ್ನ ಓಡಸ್ತಿದ್ದವರು ಎಷ್ಟರಾಗ ಓಡಸ್ತಿದ್ರು?"

"ಸಾವ್ಕಾರ್ರ ಮಗ. ಜೋರ ಓಡಸ್ತಿದ್ದ."

"ಎಳೀತೈತಿ ಅಂತ ಅವರಿಗೆ ಹೇಳಿದ್ರೇನು?"

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಕಲ್ಲಿನ ಲಾರಿಯೊಂದು ಎದುರಿಗೆ ಹಾದುಹೋಯಿತು. ಅವರು ಬೈಯುವ ದನಿಯಲ್ಲಿ ಕೇಳಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು:

"ಹಂಗಾರ ಅದನ್ನ ಯಾರ ಓದ್ಲಿ ಅಂತ ಬರದ್ರಿ?"

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಸಾಹುಕಾರರ ಮುಂದೆ ಸೆಟೆದು ನಿಂತವನು, ದಲ್ಲಾಳಿಗೆ ಎದುರುತ್ತರ ಕೊಟ್ಟವನು, ಮೂರು ವರ್ಷ ಒಂದು ವಾಕ್ಯವನ್ನು ಚಕ್ರದ ಹೊದಿಕೆಯ ಹಿಂದೆ ಬಚ್ಚಿಟ್ಟು ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದೆ. ನಿಜ ಬರೆದೆ ಎಂಬ ಸೊಕ್ಕು ನನಗೆ. ಯಾರೂ ಓದದ ಜಾಗ ನೋಡಿ ಬರೆದವನೂ ನಾನೇ. ದಲ್ಲಾಳಿ ಲಾಭಕ್ಕಾಗಿ ಮುಚ್ಚಿದ. ನನ್ನ ಕೈ ಸೋತದ್ದು ಹತ್ತು ಜನರ ಎದುರು ಹೇಳಲಾರದೆ ನಾನು ಮುಚ್ಚಿದೆ.

ಅಂದೇ ಸಂಜೆ ಸಾಹುಕಾರರ ಮನೆಗೆ ಹೋದೆ. ಹೋಗಬೇಡ ಎಂದು ಹೆಂಡತಿ ಹೇಳಲಿಲ್ಲ. ಬಾಗಿಲು ತೆರೆದವನು ಮಗ, ಕಂಕುಳಲ್ಲಿ ಎರಡು ವರ್ಷದ ಮಗಳು. ಹೊಸ್ತಿಲ ಹೊರಗೇ ನಿಂತು ಹೇಳಿದೆ: ತೊಲೆ ಪೂರ್ತಿ ಸರಿಯಾಗಿರಲಿಲ್ಲ, ನನಗೆ ಗೊತ್ತಿತ್ತು, ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ.

ಅವನು ಮಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡ.

"ವಿಜಾಪುರ ರಸ್ತೆದಾಗ ನಾ ನೂರಾ ನಲವತ್ತರ ಮ್ಯಾಲ ಓಡಿಸೇನಿ," ಎಂದ. "ಬಾಜೂಕ ಇಕಿ ಅವ್ವ ಇಕಿನ್ನ ತೊಡಿ ಮ್ಯಾಲ ಕೂಡಿಸ್ಕೊಂಡು ಕುಂತಿರತಿದ್ಳು."

ಒಳಗಿನಿಂದ ಸಾಹುಕಾರರು ಬಂದರು. "ಗಾಡಿ ಮಾರಿ ಆತು. ಈಗ್ಯಾಕ ಹೇಳಾಕ ಬಂದಿ?" ಎಂದರು.

"ಅವತ್ತ ಧೈರ್ಯ ಆಗಲಿಲ್ರಿ," ಎಂದೆ. ಮಗ ಮಗುವನ್ನು ಎತ್ತಿಕೊಂಡು ಒಳಗೆ ಹೋದ. ತಲೆ ಎತ್ತಿಕೊಂಡೇ ಬಂದೆ ಎಂದು ಬರೆಯಲು ಆಸೆಯಿದೆ, ಆದರೆ ಹಾಗೆ ಬರಲಿಲ್ಲ.

ದಲ್ಲಾಳಿ ತನ್ನ ಮಾತು ಉಳಿಸಿಕೊಂಡ. ಶೆಡ್ಡಿನಲ್ಲಿ ಈಗ ಮೊದಲಿನ ಅರ್ಧ ಕೆಲಸವೂ ಇಲ್ಲ. ಕೆಲವು ದಿನ ಬರೀ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಬಡಿಯುತ್ತೇನೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಗಾಡಿ ಒಯ್ಯಲು ಬಂದವರನ್ನು ಮೊದಲು ಕೂರಿಸಿ, ಇಷ್ಟು ಮಾಡಿದ್ದೇನೆ, ಇಷ್ಟು ನನ್ನಿಂದ ಆಗಿಲ್ಲ ಎಂದು ಬಾಯಿಬಿಟ್ಟು ಹೇಳುತ್ತೇನೆ. ಆಗಲಿಲ್ಲ ಎಂದು ಹೇಳಿ ಗಿರಾಕಿ ಕಳೆದುಕೊಳ್ಳುವ ಮಿಸ್ತ್ರಿಯನ್ನು ಇಲ್ಲೇ ಕಂಡೆ ಎಂದು ಕೂಡಲಸಂಗಮದ ಕಡೆಯ ಒಬ್ಬರು ನಕ್ಕು ಹೋದರು. ಹೋಗಲಿ. ನಾನು ಈ ಮಾತು ಬಿಡುವವನಲ್ಲ, ಶೆಡ್ಡು ಬಿಟ್ಟೇನು.

ಏಳೆಂಟು ತಿಂಗಳ ಮೇಲೆ ಒಂದು ಮುಂಜಾನೆ ಸಾಹುಕಾರರ ಮಗ ಬಂದ. ಮನೆಮಂದಿಯೆಲ್ಲ ಕೂರುವ ಹೊಸ ಗಾಡಿ, ಹಿಂದಿನ ಬಾಗಿಲಿಗೆ ಯಾರೋ ಗುದ್ದಿದ್ದರು. ನಗಲಿಲ್ಲ, ಗಾಡಿ ಬಿಟ್ಟು ಹೋದ. ಆರು ದಿನಕ್ಕೆ ಕೆಲಸ ಮುಗಿಯಿತು. ಒಯ್ಯಲು ಬಂದಾಗ ಮಗಳೂ ಜೊತೆಗಿದ್ದಳು. ಗಾಡಿಯ ಹೊಳಪು ನೋಡಲಿಲ್ಲ ಅವನು. ನನ್ನ ಮುಂದೆ ಬಂದು ನಿಂತ.

"ಏನ ಆಗಿಲ್ಲ ಅದನ್ನ ಮೊದಲ ಹೇಳು."

"ಬಾಗಲದ ಸಂದು ಕೆಳಗ ಒಂದು ಕಡೆ ಕೂದಲೆಳಿಯಷ್ಟು ಹೆಚ್ಚೈತ್ರಿ. ನನ್ನಿಂದ ಆಗಲಿಲ್ಲ. ಮಳಿಗಾಲದಾಗ ನೀರ ಒಳಗ ಬಂದ್ರ ಬರಬಹುದು. ಮತ್ತೇನೂ ಭಯ ಇಲ್ಲ."

ಅವನು ಬಗ್ಗಿ ಆ ಸಂದಿನಲ್ಲಿ ಬೆರಳು ಆಡಿಸಿ ನೋಡಿದ. ಬಾಗಿಲನ್ನು ಎರಡು ಸಲ ತೆಗೆದು ಹಾಕಿದ. ಆಮೇಲೆ ಮಗಳನ್ನು ಎತ್ತಿ, ಅದೇ ಬಾಗಿಲಿನ ಪಕ್ಕದ ಸೀಟಿನಲ್ಲಿ ಕೂರಿಸಿದ.